ಪದ್ಮಾವತಿಯ ಹೆಸರೂ ನನ್ನ ದವಡೆಯೂ

ನಮ್ಮ ಮೊಮ್ಮಗಳಿಗೆ ಹೆಸರಿಟ್ಟಾಯಿತು! ಪದ್ಮಾವತಿ! ನನ್ನ ಅಮ್ಮನ ಹೆಸರು. ಕಿವಿಯಲ್ಲಿ ಹೇಳಿದ್ದು ನಾನೇ. ಮಗು ಬೆಣ್ಣೆಯ ಉಂಡೆಯ ಹಾಗಿದೆ. ಮೂಗು ಮಾತ್ರ ಅದರ ಅಜ್ಜನದ್ದು. ಅದಕ್ಕೆ ಯಾರೇನು ಮಾಡಲಿಕ್ಕಾಗುತ್ತದೆ!

ಮೂರನೇ ಕ್ಲಾಸು ಓದಿದ ನಾನು ಬರೆಯಲು ಕುಳಿತದ್ದು ಸಂತೋಷ ತಡೆಯಲಾರದೆ. ಜೊತೆಗೆ ಮಾನ ಹೋದ ಕಥೆಯೂ ಬರುತ್ತದೆ. ಪುಂಜಾಲಕಟ್ಟೆಯಲ್ಲಿ ಹೇಗೂ ಎಲ್ಲರೂ ಹೇಳಿಕೊಂಡು ನಗುತ್ತಿದ್ದಾರೆ. ಉಪ್ಪು ಖಾರ ಹೆಚ್ಚಾಗುವ ಮೊದಲು ನಾನೇ ಹೇಳುವುದು ಒಳ್ಳೆಯದು.

ನಮ್ಮ ಮನೆಯ ಕ್ರಮದಲ್ಲಿ ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳುವುದು ತಾಯಿಯ ತಾಯಿ. ಅವಳಿಗೆ ಆಗದಿದ್ದರೆ ತಂದೆಯ ತಾಯಿ. ಮೂಡುಬಿದಿರೆಯ ನಮ್ಮ ಬೀಗಿತ್ತಿ 'ಆಶಾ' ಎಂಬ ಹೊಸ ಕಾಲದ ಹೆಸರು ಇಟ್ಟುಕೊಂಡು ಬರುತ್ತಾರೆಂದು ನನಗೆ ಗೊತ್ತಿತ್ತು. ನಾನು ಇಡಬೇಕೆಂದಿದ್ದ ಹೆಸರನ್ನು ಯಾರಿಗೂ ಹೇಳಲಿಲ್ಲ. ಮಗಳು ಲಲಿತ ಕೇಳಿದಳು, ಇವರು ಕೇಳಿದರು. "ಆ ಹೊತ್ತಿಗೆ ನನ್ನ ಬಾಯಿಯಿಂದಲೇ ಕೇಳಿ" ಎಂದೆ. ಎಂಥಾ ಬಾಯಿ!

ಹೆಸರಿಡುವ ದಿನ ಬೆಳಿಗ್ಗೆ ಕಡುಬಿಗೆ ಅಕ್ಕಿ ಅರೆಯುತ್ತಿದ್ದೆ. ಸಂತೋಷಕ್ಕೆ ರಾತ್ರಿ ನಿದ್ದೆ ಬಂದಿರಲಿಲ್ಲ. ದೊಡ್ಡ ಆಕಳಿಕೆ ಬಂತು. ಆಕಳಿಸುವಾಗ ಬಾಯಿಯ ಮುಂದೆ ಚಿಟಿಕೆ ಹೊಡೆಯಬೇಕೆಂದು ಇಡೀ ಕೇರಿಗೆ ಪಾಠ ಹೇಳುವವಳು ನಾನು. ಆದರೆ ಎರಡು ಕೈಯಲ್ಲೂ ಹಿಟ್ಟು. ಕಿವಿಯ ಬುಡದಲ್ಲಿ 'ಕಟಕ್' ಎಂದಿತು. ಆಕಳಿಕೆ ಹೋಯಿತು. ಬಾಯಿ ಮಾತ್ರ ಹಾಗೆಯೇ ನಿಂತಿತು!

"ಅಕ್ಕಿ ಆಯ್ತನಾ?" ಎನ್ನುತ್ತಾ ಇವರು ಬಂದರು.

"ಆ..." ಎಂದೆ.

"ಎಂತದು ಆ? ಬಾಯಿ ಮುಚ್ಚು ಮಾರಾಯ್ತಿ, ನೊಣ ಹೋಗ್ತದೆ."

ಅದೇ ಆಗುವುದಿಲ್ಲವಲ್ಲ! ಪಕ್ಕದ ಮನೆಯ ಕಮಲಕ್ಕ ಓಡಿ ಬಂದು ನೋಡಿದವಳೇ, "ಚಿಟಿಕೆ ಹೊಡೆಯದೆ ಆಕಳಿಸಿದ್ದು! ಎಂತದೋ ಒಳಗೆ ಹೋಗಿದೆ. ಈಗಲಾದರೂ ಹೊಡೆಯಿರಿ!" ಎಂದಳು. ಇವರು ಹೊಡೆದರು. ಕಮಲಕ್ಕ ಹೊಡೆದಳು. ಬಾಣಂತಿ ಲಲಿತ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡೇ ಹೊಡೆದಳು. ನನ್ನ ಮುಖದ ಮುಂದೆ ಒಲೆಗೆ ಹಸಿ ಕಟ್ಟಿಗೆ ಹಾಕಿದಷ್ಟು ಸದ್ದು. ಬಾಯಿ ಮುಚ್ಚಲಿಲ್ಲ.

ಹೆಸರಿಡಬೇಕಾದದ್ದು ಸಂಜೆ, ಹೊತ್ತು ಮುಳುಗುವ ಮೊದಲು. ಪದ್ಮಾವತಿ ಎನ್ನಲು ತುಟಿ ಕೂಡಬೇಕು. ನನಗೆ ಬರುತ್ತಿದ್ದದ್ದು 'ಆ' ಒಂದೇ. ಬೀಗಿತ್ತಿಯ 'ಆಶಾ'ದ ಅರ್ಧ ಭಾಗ ನಾನೇ ಹೇಳಿದ ಹಾಗಾಯಿತು! ಕಣ್ಣಲ್ಲಿ ನೀರು ಬಂತು.

ಇವರು ನನ್ನನ್ನು ಬಂಟ್ವಾಳದ ಬಸ್ಸಿಗೆ ಹತ್ತಿಸಿದರು. ಎದುರು ಸೀಟಿನ ಹೆಂಗಸು ನನ್ನನ್ನು ನೋಡಿ ಆಕಳಿಸಿದಳು. ಅವಳನ್ನು ನೋಡಿ ಅವಳ ಗಂಡ. ಸ್ವಲ್ಪ ಹೊತ್ತಿನಲ್ಲಿ ಇಡೀ ಬಸ್ಸು ಆಕಳಿಸುತ್ತಾ ಚಿಟಿಕೆ ಹೊಡೆಯುತ್ತಿತ್ತು! ಕಂಡಕ್ಟರ್ ಬಂದು, "ಅಜ್ಜೀ, ನೀವು ಸ್ವಲ್ಪ ಆಚೆ ತಿರುಗಿ ಕೂತುಕೊಳ್ಳಿ. ಡ್ರೈವರ್ ಕನ್ನಡಿಯಲ್ಲಿ ನಿಮ್ಮನ್ನೇ ನೋಡ್ತಿದ್ದಾರೆ. ಅವರೂ ಶುರು ಮಾಡಿದರು" ಎಂದ. ಇವರು ನನ್ನ ತಲೆಯ ಮೇಲೆ ಸೆರಗು ಎಳೆದು ಮುಖ ಮುಚ್ಚಿದರು. ಭೂಮಿ ಬಾಯಿ ಬಿಡಬಾರದೇ ಎಂದುಕೊಂಡೆ. ಬಿಟ್ಟದ್ದು ನಾನೊಬ್ಬಳೇ.

ಡಾಕ್ಟರು ಚಿಕ್ಕ ಪ್ರಾಯದವರು. ನಗು ತಡೆದುಕೊಂಡು ಹೇಳಿದರು, "ದವಡೆಯ ಮೂಳೆ ಗುಳಿಯಿಂದ ಜಾರಿ ಮುಂದಿನ ದಿಣ್ಣೆ ದಾಟಿದೆ. ಹಿಂದೆ ಬರ್ಲಿಕ್ಕೆ ಸ್ನಾಯುಗಳು ಬಿಡುದಿಲ್ಲ. ಅಜ್ಜಾ, ನೀವು ಹಲ್ಲು ಕಚ್ಚಿ ಕೆನ್ನೆ ಮುಟ್ಟಿ ನೋಡಿ."

ಇವರು ಮುಟ್ಟಿದರು. "ಹೌದು, ಕಪ್ಪೆ ಕೂತ ಹಾಗೆ ಉಬ್ಬಿತು!"

"ಅದು ಒಂದು. ಕಿವಿಯ ಮೇಲೆ ಬೀಸಣಿಗೆಯ ಹಾಗೆ ಇನ್ನೊಂದು ಉಂಟು. ಎರಡೂ ದವಡೆ ಮುಚ್ಚುವಂಥದ್ದು. ಈಗ ಹೆದರಿ ಬಿಗಿದುಕೊಂಡು ಮೂಳೆಯನ್ನು ಅಲ್ಲೇ ಹಿಡಿದಿವೆ."

"ಆದರೆ ಇವಳು ಅಳ್ತಾಳಲ್ಲ? ಮುಖ ಸರಿಯಾಗಿಯೇ ಸಿಂಡರಿಸ್ತದೆ!"

"ಅದಕ್ಕೆ ಬೇರೆ ನರ. ಅಗಿಯಲಿಕ್ಕೆ ಒಂದು, ನಗಲಿಕ್ಕೆ ಅಳಲಿಕ್ಕೆ ಇನ್ನೊಂದು."

"ಬೈಲಿಕ್ಕೆ?"

"ಅದಕ್ಕೆ ಎಲ್ಲವೂ ಬೇಕು."

"ಹಾಗಾದರೆ ಇವಳದ್ದು ಎಲ್ಲವೂ ಒಳ್ಳೆ ಅಭ್ಯಾಸದಲ್ಲಿ ಉಂಟು ಡಾಕ್ಟ್ರೇ!"

ಉತ್ತರ ಕೊಡಲು ಬಾಯಿ ಇತ್ತು, ಉಪಯೋಗವಿರಲಿಲ್ಲ.

ಡಾಕ್ಟರು ಹೆಬ್ಬೆರಳುಗಳಿಗೆ ದಪ್ಪ ಬಟ್ಟೆ ಸುತ್ತಿ, ನನ್ನ ದವಡೆ ಹಲ್ಲುಗಳ ಮೇಲಿಟ್ಟು, ಕೆಳಗೆ ಒತ್ತಿ ಹಿಂದಕ್ಕೆ ದೂಡಿದರು. ಕಟಕ್! ಬಾಯಿ ಮುಚ್ಚಿತು! ಆ ಸಂತೋಷಕ್ಕೆ ನಾನು ಬಾಯಿ ತುಂಬ ನಕ್ಕೆ. ಕಟಕ್. ಮತ್ತೆ ನಿಂತಿತು.

ಡಾಕ್ಟರು ಪುನಃ ಬಟ್ಟೆ ಸುತ್ತಿಕೊಂಡರು. ಎರಡನೆಯ ಸಲ ಕೂರಿಸಿದ ಮೇಲೆ ಗಲ್ಲದಡಿಯಿಂದ ನೆತ್ತಿಯವರೆಗೆ ಬಿಳಿ ಪಟ್ಟಿ ಕಟ್ಟಿ, "ಮೆಲ್ಲ ಪಿಸುಗುಟ್ಟಬಹುದು. ಅಷ್ಟೇ. ಊಟಕ್ಕೆ ನೀರು ಗಂಜಿ" ಎಂದರು. ಪಿಸುಗುಟ್ಟಬಹುದು! ಕಿವಿಯಲ್ಲಿ ಹೆಸರು ಹೇಳಲು ಅಷ್ಟು ಸಾಕಲ್ಲ!

ನಿಶ್ಚಿಂತೆಯಿಂದ ಹಿಂದಿರುಗುವ ಬಸ್ಸಿನಲ್ಲಿ ಕಣ್ಣು ಮುಚ್ಚಿದೆ. ತಲೆ ಇವರ ಹೆಗಲಿಗೆ ಬಿತ್ತು. ಪುಂಜಾಲಕಟ್ಟೆಯಲ್ಲಿ ಹೂ ಕೊಳ್ಳಲು ಬಂದ ಕಮಲಕ್ಕ ಕಿಟಕಿಯಲ್ಲಿ ಕಂಡದ್ದು ಇಷ್ಟು: ಮುಚ್ಚಿದ ಕಣ್ಣು, ವಾಲಿದ ತಲೆ, ಕಟ್ಟಿದ ಗಲ್ಲ. ನಮ್ಮಲ್ಲಿ ಗಲ್ಲ ಕಟ್ಟುವುದು ಯಾರಿಗೆ ಎಂದು ಬಿಡಿಸಿ ಹೇಳಬೇಕೇ? ಅವಳು ಹೂವನ್ನು ಅಲ್ಲೇ ಬಿಟ್ಟು, ಅಡ್ಡದಾರಿಯಲ್ಲಿ ಬೊಬ್ಬೆ ಹೊಡೆಯುತ್ತಾ ಓಡಿದಳು.

ನಾವು ಅಂಗಳಕ್ಕೆ ಬರುವಾಗ ಪಾಯಸ ಒಲೆಯಿಂದ ಇಳಿದಿತ್ತು. ತೊಟ್ಟಿಲಿನ ಹೂ ತೆಗೆದಾಗಿತ್ತು. ಭಟ್ಟರು "ಸೂತಕ ಬಂತಲ್ಲ, ಇವತ್ತು ಆಗುದಿಲ್ಲ" ಎನ್ನುತ್ತಾ ಚೀಲ ಕಟ್ಟುತ್ತಿದ್ದರು. ನಡುಮನೆಯಲ್ಲಿ ಬೀಗಿತ್ತಿ ಲಲಿತಳನ್ನು ಅಪ್ಪಿಕೊಂಡು ಅಳುತ್ತಿದ್ದರು.

"ಅಳಬೇಡ ಮಗಾ. ನನ್ನ ಆಶಾ ಗೀಶಾ ಯಾವುದೂ ಬೇಡ. ನಿನ್ನ ಅಮ್ಮ ಇಟ್ಟುಕೊಂಡ ಹೆಸರೇ ಇಡುವ. ಯಾವುದು ಹೇಳು?"

"ನಮಗೆ ಯಾರಿಗೂ ಗೊತ್ತಿಲ್ಲ ಅತ್ತೇ!" ಎಂದು ಲಲಿತ ಇನ್ನೂ ಜೋರಾಗಿ ಅತ್ತಳು.

ನಾನು ಬಾಗಿಲಲ್ಲಿ ನಿಂತಿದ್ದೆ. ಬಸ್ಸಿನಲ್ಲಿ ಹೋದ ಮಾನ ಏನೂ ಅಲ್ಲ. ಈ ಹೆಂಗಸನ್ನು ನಾನು ಇಷ್ಟು ದಿನ ವೈರಿಯೆಂದು ಎಣಿಸಿದ್ದೆನಲ್ಲ!

ಅಷ್ಟರಲ್ಲಿ ಕಮಲಕ್ಕ ತಿರುಗಿ ನೋಡಿ, "ಅಯ್ಯೋ, ಬಂದೇ ಬಿಟ್ಟಿತು!" ಎಂದು ಕಂಬ ಅಪ್ಪಿಕೊಂಡಳು.

"ಸತ್ತಿಲ್ಲ ಮಾರಾಯ್ರೆ, ದವಡೆ ಮಾತ್ರ ಜಾರಿದ್ದು!" ಎಂದು ಇವರು ಹಿಂದಿನಿಂದ ಕೂಗಿದರು.

ಭಟ್ಟರು ಚೀಲ ಬಿಚ್ಚಿದರು. ಪಾಯಸ ಒಲೆ ಹತ್ತಿತು. ಹೊತ್ತು ಮುಳುಗುವ ಮೊದಲು ನಾನು ಮಗುವಿನ ಕಿವಿಯಲ್ಲಿ ಹಲ್ಲಿನ ಸಂದಿನಿಂದ "ಪದ್ಮಾವತಿ" ಎಂದೆ. ಆಮೇಲೆ ಬೀಗಿತ್ತಿಯ ಕೈ ಹಿಡಿದು ತೊಟ್ಟಿಲ ಹತ್ತಿರ ಎಳೆದೆ. "ಇನ್ನೊಂದು ಕಿವಿ ಉಂಟಲ್ಲ ಅಕ್ಕ" ಎಂದು ಪಿಸುಗುಟ್ಟಿದೆ. ಅವರು "ಆಶಾ" ಎಂದರು. ಮನೆಯಲ್ಲಿ ಕರೆಯಲು ಅದೇ ಸುಲಭ. ಒಪ್ಪಿಕೊಂಡೆ.

ರಾತ್ರಿ ಎಲ್ಲರೂ ಒಂದೇ ಸಾಲಿನಲ್ಲಿ ಊಟಕ್ಕೆ ಕುಳಿತೆವು. ಅವರಿಗೆ ಕಡುಬು, ಪಾಯಸ. ನನಗೆ ಗಂಜಿ ತಿಳಿ, ಬೀಗಿತ್ತಿಯ ಕೈಯಿಂದ ಚಮಚದಲ್ಲಿ. ಲಲಿತಳ ಮಡಿಲಲ್ಲಿದ್ದ ಮಗು ತನ್ನ ಪುಟ್ಟ ಬಾಯಿ ತೆರೆದು ಆಕಳಿಸಿತು. ಸಾಲಿನವರೆಲ್ಲ ಎಡಗೈಯಲ್ಲಿ ಚಿಟಿಕೆ ಹೊಡೆದರು.

ನಾನು ಮಾತ್ರ ಎರಡು ಕೈಯಲ್ಲೂ ಗಲ್ಲ ಹಿಡಿದುಕೊಂಡೆ. ಮಗುವಿನದ್ದಲ್ಲ, ನನ್ನದು!