ಮುಚ್ಚಳದ ಮೇಲಿನ ಕಟ್ಟೆ

ನನ್ನ ಉದ್ಯೋಗ ಏನೆಂದು ಕೇಳಿದವರಿಗೆ ನಾನು ತಟ್ಟನೆ ಉತ್ತರ ಹೇಳುವುದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಒಳಚರಂಡಿ ಚೇಂಬರುಗಳನ್ನು ಹುಡುಕಿ, ಒಂದೊಂದಕ್ಕೂ ನಂಬರು ಕೊಟ್ಟು, ಇನ್ನೆಷ್ಟು ವರ್ಷ ಬಾಳೀತು ಎಂದು ಅಂದಾಜು ಬರೆಯುವುದು ನನ್ನ ಕೆಲಸ. ಹೆಣ್ಣು ನೋಡಲು ಬಂದವರ ಮುಂದೆ ಅವ್ವ ಇದನ್ನು "ನಕಾಶಿ ತಗೀತಾಳ್ರಿ" ಎಂದಷ್ಟೇ ಹೇಳಿ ಅವಲಕ್ಕಿ ತಟ್ಟೆ ಮುಂದಿಡುತ್ತಾಳೆ. ಯಾವುದರ ನಕಾಶೆ ಎಂದು ಅವರು ಕೇಳುವಷ್ಟರಲ್ಲಿ ಚಹಾ ಬಂದಿರುತ್ತದೆ.

ಹುಡುಕುವುದೇನು ಬಂತು, ಮುಚ್ಚಳ ರಸ್ತೆಯ ಮೇಲೇ ಇರುತ್ತದಲ್ಲ ಎಂದು ಕಾಲೇಜಿನಲ್ಲಿ ನಾನೂ ನಂಬಿದ್ದೆ. ಆದರೆ ನಮ್ಮ ಕಡೆ ಮನೆ ಮುಂದಿನ ಮುಚ್ಚಳವನ್ನು ಯಾರೂ ಸುಮ್ಮನೆ ಬಿಡುವುದಿಲ್ಲ. ಹುಕ್ಕೇರಿಯಲ್ಲಿ ಒಂದರ ಮೇಲೆ ಬಟ್ಟೆ ಒಗೆಯುವ ಕಲ್ಲಿತ್ತು. ಮೂಡಲಗಿಯಲ್ಲಿ ಒಂದರ ಮೇಲೆ ಎಮ್ಮೆ ಮಲಗಿತ್ತು. ಅದು ಏಳುವವರೆಗೆ ಕಾದೆ. ಯಾರನ್ನು ಕೇಳಿದರೂ ಒಂದೇ ಮಾತು: "ನಮ್ಮ ಮನಿ ಮುಂದ ಇಲ್ರಿ, ಬಾಜೂ ಮನಿಯವ್ರನ್ನ ಕೇಳ್ರಿ."

ಗೋಕಾಕದ ಒಂದು ಓಣಿಯಲ್ಲಿ ಮಾತ್ರ ಕಾಯುವಂತಿರಲಿಲ್ಲ. ಕೊಳವೆ ಕಟ್ಟಿಕೊಂಡು, ಬಾಣಂತಿಯಿದ್ದ ಮನೆಯ ಬಚ್ಚಲಲ್ಲಿ ಹೊಲಸು ನೀರು ಉಕ್ಕುತ್ತಿತ್ತು. ತೆರೆಯಬೇಕಾದ ಚೇಂಬರು ಪಕ್ಕದ ಶಾಂತಕ್ಕನ ಮನೆ ಮುಂದಿನ ಸಿಮೆಂಟು ಕಟ್ಟೆಯ ಕೆಳಗಿತ್ತು. ಕಟ್ಟೆ ಕಟ್ಟಿಸಿದವರು ಅವರ ಯಜಮಾನರು. ಹೋದ ಮಳೆಗಾಲದಲ್ಲಿ ತೀರಿಕೊಂಡಿದ್ದರು. ನಾನು ಹೋದಾಗ ಶಾಂತಕ್ಕ ಅದನ್ನೇ ಒರೆಸುತ್ತಿದ್ದರು. ತಡವರಿಸುತ್ತಲೇ ವಿಷಯ ಹೇಳಿದೆ.

"ಒಡೀರಿ," ಎಂದರು. "ಅವರಿದ್ದಾಗ ನಾನೂ ದಿನಾ ಇದನ್ನ ಒಡೀರಿ ಅಂತಿದ್ದೆ. ಓಣಿ ಮಂದೀನೆಲ್ಲಾ ಕುಂಡ್ರಿಸಿಕೊಂಡು ಹರಟಿ ಹೊಡ್ಯಾವ್ರು. ಚಾ ಮಾಡಿ ಮಾಡಿ ನನ್ನ ಸೊಂಟಾ ಬಿದ್ದು ಹೋಗಿತ್ತು."

"ಈಗ್ರಿ?"

"ಈಗ ಯಾರ ಬರ್ತಾರವ್ವಾ. ಚಾಪುಡಿ ತಂದದ್ದು ಹಂಗ ಐತಿ."

ನನ್ನ ಜೊತೆ ಬಂದಿದ್ದ ಕೆಲಸಗಾರ ಸುತ್ತಿಗೆ ಎತ್ತಿದಾಗ ಮಾತ್ರ ನನ್ನ ತೋಳು ಹಿಡಿದರು. "ತಂಗಿ, ಬಾಗಲ ಕಡೀ ಮೂಲಿ ಒಂದ ಬಿಡಾಕ ಆಗೂದಿಲ್ಲೇನು? ಅಲ್ಲೇ ಕುಂಡ್ರತಿದ್ರು."

ನಿಯಮದಂತೆ ಕಟ್ಟೆ ಪೂರ್ತಿ ಹೋಗಬೇಕಿತ್ತು. ನಾನು ಟೇಪು ಹಿಡಿದು ಬಹಳ ಗಂಭೀರವಾಗಿ ಅಳೆದೆ. ಅಳೆಯುವಾಗ ತಲೆ ತಗ್ಗಿಸಿಯೇ ಇರಬಹುದು, ಈ ಉದ್ಯೋಗದಲ್ಲಿ ಅದೊಂದು ಅನುಕೂಲ. ಮುಚ್ಚಳ ಎತ್ತಲು ಆ ಮೂಲೆ ಅಡ್ಡಿಯಿಲ್ಲವೆಂದೆ. ಒಬ್ಬರು ಕೂರುವಷ್ಟು ಉಳಿಯಿತು. ಸಂಜೆಯೊಳಗೆ ಬಚ್ಚಲ ನೀರು ಇಳಿಯಿತು.

ಮುಚ್ಚಳ ಗಟ್ಟಿಯಾಗಿತ್ತು. ಇನ್ನೂ ಮೂವತ್ತು ವರ್ಷ ಬಾಳುತ್ತದೆ ಎಂದು ಬಾಯಿಬಿಟ್ಟು ಹೇಳಿ ಬರೆದುಕೊಂಡೆ.

"ಸಿಮಿಟಿನ ಮುಚ್ಚಳಕ್ಕ ಅಷ್ಟ ಆಯುಷ್ಯ ಏನವ್ವಾ?" ಎಂದರು ಶಾಂತಕ್ಕ. ನಾನು ಪೆನ್ನಿನ ಕ್ಯಾಪು ಹುಡುಕತೊಡಗಿದೆ.

ಮೊನ್ನೆ ತಪಾಸಣೆಗೆಂದು ಅದೇ ಓಣಿಗೆ ಹೋಗಿದ್ದೆ. ಕಾಲು ನೋಯುತ್ತಿತ್ತು, ಆ ಮೂಲೆಯಲ್ಲಿ ಕೂತೆ. ಚಹಾ ತಂದ ಶಾಂತಕ್ಕ ಹೊಸ್ತಿಲಲ್ಲೇ ನಿಂತರು.

"ಏಳ್ ತಂಗಿ. ಅದು ಅವರ ಜಾಗಾ."

ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತಂದರು. ಅಲ್ಲಿ ಕುರ್ಚಿ ಅಲುಗಾಡದೆ ನಿಲ್ಲುವ ಸಮತಟ್ಟಾದ ಜಾಗ ಒಂದೇ ಇತ್ತು. ಮುಚ್ಚಳದ ಮೇಲೆ ಏನನ್ನೂ ಇಡಬೇಡಿ ಎಂದು ಮೂರೂರು ತಿರುಗಿ ಸಾರುವ ನಾನು ಅದರ ಮೇಲೆಯೇ, ಖಾಲಿ ಮೂಲೆಯ ಎದುರಿಗೆ ಕೂತು ಚಹಾ ಕುಡಿದೆ. ಇನ್ನೊಂದು ಕಪ್ಪು ತರಲೇ ಎಂದು ಶಾಂತಕ್ಕ ಕೇಳಿದಾಗಲೂ ಏಳಲಿಲ್ಲ.