ಮಾವನವರ ರಿವಾಲ್ವರಿಗೊಂದು ಸ್ಪ್ರಿಂಗು

ಆಯುಧ ಮನೆಯಲ್ಲಿದ್ದರೆ ಧೈರ್ಯ ಬರುತ್ತದೆ ಎನ್ನುವವರು ಯಾರೂ ಆಯುಧ ಇಟ್ಟುಕೊಂಡವರಲ್ಲ. ಇಟ್ಟುಕೊಂಡವನು ನಾನು, ಕೇಳುವುದಿದ್ದರೆ ನನ್ನನ್ನು ಕೇಳಿ. ಮಾವನವರು ತೀರಿಕೊಂಡಾಗ ಒಬ್ಬ ಭಾವಮೈದುನನಿಗೆ ಹೊಲ ಹೋಯಿತು, ಇನ್ನೊಬ್ಬನಿಗೆ ಬೀದರಿನ ಮನೆ. ಯಾರಿಗೂ ಬೇಡವಾದ ಹಳೆಯ ರಿವಾಲ್ವರು ಮಾತ್ರ, ಸರ್ಕಾರದ ಲೈಸೆನ್ಸು ಮತ್ತು ನನ್ನ ಹೆಂಡತಿ ಸುಶೀಲಾಳ ಕಣ್ಣೀರಿನ ಸಮೇತ, ಹೈದರಾಬಾದಿಗೆ ನನ್ನ ಪಾಲಿಗೆ ಬಂತು. ಮಾವನವರು ಅದನ್ನು ಕಬ್ಬಿನ ಹೊಲದ ಹಂದಿಗಳ ಮೇಲೆ ಹಾರಿಸುತ್ತಿದ್ದರಂತೆ. ಆ ಹಂದಿಗಳ ಸಂತತಿ ಈಗಲೂ ಅಲ್ಲಿ ಸುಖವಾಗಿದೆ. ನಾನಾದರೋ ಬೇಗಂಪೇಟೆಯ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವವನು. ದೀಪಾವಳಿಯ ಸುರುಸುರು ಬತ್ತಿಯನ್ನೂ ಮುಖ ಆಚೆ ತಿರುಗಿಸಿಯೇ ಹಿಡಿಯುವವನು.

ಲೈಸೆನ್ಸು ನವೀಕರಿಸಲು ಠಾಣೆಗೆ ಹೋದಾಗ ಇನ್‌ಸ್ಪೆಕ್ಟರ್ ಸಾಹೇಬರು ಖಾಲಿ ರಿವಾಲ್ವರಿನ ಟ್ರಿಗರ್ ಎಳೆದು ನೋಡಿದರು. ಊಟಕ್ಕೆ ಎದ್ದುಹೋದ ಗುಮಾಸ್ತನ ಹಾಗೆ ಅದು ಹೋದದ್ದು ಹೋಯಿತು, ಮರಳಲಿಲ್ಲ. ತಿಂಗಳೊಳಗೆ ರಿಪೇರಿ ಮಾಡಿಸಿ ತನ್ನಿ, ಇಲ್ಲವಾದರೆ ಇಲ್ಲೇ ಒಪ್ಪಿಸಿಬಿಡಿ ಎಂದರು. ಒಪ್ಪಿಸುವ ಮಾತು ನನಗೆ ವೇದವಾಕ್ಯದಂತೆ ಕೇಳಿಸಿತು. ಸುಶೀಲಾಳಿಗೆ ಹಾಗೆ ಕೇಳಿಸಲಿಲ್ಲ.

“ಅಪ್ಪನ ಕೈಯಾಡಿದ್ದು ಅಂತ ನನ್ನ ಹಂತ್ಯಾಕ ಇರೂದು ಅದೊಂದ ಐತ್ರಿ. ಅದು ಠಾಣೇದಾಗ ಉಳೀತು ಅಂದ್ರ ನೀವೂ ಅಲ್ಲೇ ಉಳೀರಿ.”

ಮರುದಿನ ಅದನ್ನು ಟವೆಲ್ಲಿನಲ್ಲಿ ಸುತ್ತಿ, ಚೀಲಕ್ಕೆ ಹಾಕಿ ಆಟೋ ಹತ್ತಿದೆ. ಲೈಸೆನ್ಸು ಜೇಬಿನಲ್ಲೇ ಇತ್ತು. ಆದರೂ ಪೊಲೀಸ್ ಜೀಪು ಕಂಡಾಗಲೆಲ್ಲ ನನ್ನ ಮುಖದಲ್ಲಿ ಕಾರಣವಿಲ್ಲದ ನಗು ಮೂಡುತ್ತಿತ್ತು. ಚೀಲವನ್ನು ಕೂಸಿನಂತೆ ತಬ್ಬಿಕೊಂಡದ್ದು ಕಂಡು ಆಟೋದವನು, “ಕ್ಯಾ ಹೈ ಸಾಬ್ ಉಸ್‌ಮೇ?” ಎಂದ. ಬಾಯಿಗೆ ಬಂದದ್ದು “ಮಿಕ್ಸಿ” ಎಂದೆ. ಪರೋಪಕಾರಿ ಮನುಷ್ಯ, ನೇರವಾಗಿ ಮಿಕ್ಸಿ ರಿಪೇರಿ ಮಾಡುವ ತನ್ನ ಭಾವಮೈದುನನ ಅಂಗಡಿಯ ಮುಂದೆ ತಂದು ನಿಲ್ಲಿಸಿದ. ವಾರಂಟಿ ಇದೆ ಎಂದು ಹೇಳಿ ಪಾರಾಗುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು.

ಕೋವಿ ರಿಪೇರಿಯ ಖಾದರ್ ಸಾಹೇಬರು ಮೂಲತಃ ನಮ್ಮ ಬೀದರಿನವರೇ. ಬಿಚ್ಚಿ ನೋಡಿ, ಮೂಸಿಯೂ ನೋಡಿ, “ಸಾಹೇಬ್ರ, ಇದು ರಿವಾಲ್ವರ್ ಅಲ್ರೀ, ಮಸಾಲಿ ಡಬ್ಬಿ ಐತಿ!” ಎಂದರು. ವರ್ಷವರ್ಷವೂ ದಸರೆಯ ಖಂಡೇಪೂಜೆಯ ದಿನ ಸುಶೀಲಾ ಅದಕ್ಕೆ ಎಣ್ಣೆ ಹಚ್ಚಿ, ಅರಿಶಿನ ಕುಂಕುಮ ಏರಿಸಿ, ತೆಂಗಿನಕಾಯಿಯ ನೀರು ಚಿಮುಕಿಸುತ್ತಿದ್ದಳು. ಆ ಭಕ್ತಿಯೆಲ್ಲ ಒಳಗಿಳಿದು ಗಟ್ಟಿಯಾಗಿ, ಸ್ಪ್ರಿಂಗು ತುಕ್ಕು ಹಿಡಿದು ತುಂಡಾಗಿತ್ತು. ತಯಾರಿಸಿದ ಕಂಪನಿ ಯಾವ ಕಾಲದಲ್ಲೋ ಮುಚ್ಚಿಹೋಗಿದೆ. ಅಮೆರಿಕದ ಬ್ಯಾಂಕುಗಳ ತಪ್ಪನ್ನೆಲ್ಲ ಮಾದಾಪುರದ ಕಂಪ್ಯೂಟರ್ ಕಚೇರಿಗಳಲ್ಲಿ ಕೂತೇ ತಿದ್ದುವ ಈ ಊರಿನಲ್ಲಿ ಒಂದು ಸ್ಪ್ರಿಂಗು ಸಿಗಲಿಲ್ಲ. “ಇದರ ಜೋಡಿದು ಇನ್ನೊಂದು ಎಲ್ಲ್ಯರ ಸಾಯಬೇಕ್ರಿ. ಅದರ ಸ್ಪ್ರಿಂಗ್ ತೆಗದು ಇದಕ್ಕ ಹಾಕ್ತೀನಿ” ಎಂದರು ಸಾಹೇಬರು.

ಯಾರಿಗೂ ಕೇಡು ಬಯಸದ ನಾನು ಅಂದಿನಿಂದ ಯಾವುದೋ ಕಾಣದ ರಿವಾಲ್ವರಿನ ಮರಣಕ್ಕೆ ಹರಕೆ ಹೊತ್ತೆ. ತಿಂಗಳು ಮುಗಿಯುತ್ತ ಬಂತು. ಸುಶೀಲಾ ಮಾತು ಕಡಿಮೆ ಮಾಡಿದಳು; ಅದು ಮಾತಿಗಿಂತ ಕಷ್ಟ. ಕೊನೆಗೊಂದು ದಿನ ಕಚೇರಿಗೇ ಖಾದರ್ ಸಾಹೇಬರ ಫೋನು ಬಂತು: “ಸಾಹೇಬ್ರ, ಒಂದು ಸತ್ತೈತ್ರಿ!” “ಅಬ್ಬಾ, ಸತ್ತಿತಾ! ದೇವರು ದೊಡ್ಡವನು!” ಎಂದು ಕೂಗಿದೆ. ಅಂದಿನಿಂದ ನಮ್ಮ ಮ್ಯಾನೇಜರು ನನ್ನ ರಜೆಯ ಅರ್ಜಿಗೆ ಪ್ರಶ್ನೆ ಕೇಳುವುದಿಲ್ಲ.

ಸತ್ತದ್ದರ ಸ್ಪ್ರಿಂಗು ಹಾಕಿಸಿಕೊಂಡು ಠಾಣೆಗೆ ಒಯ್ದೆ. ಇನ್‌ಸ್ಪೆಕ್ಟರ್ ಸಾಹೇಬರು ಎಳೆದರು. ಟ್ರಿಗರ್ ಹೋಗಿ, ವಿಧೇಯ ಅಳಿಯನಂತೆ ಮರಳಿ ಬಂತು. ಸಹಿ ಬಿತ್ತು. ಸುಶೀಲಾ ರಿವಾಲ್ವರನ್ನು ಸೆರಗಿನಿಂದ ಒರೆಸಿ ಕಣ್ಣಿಗೊತ್ತಿಕೊಂಡಳು. ನನ್ನ ನಿದ್ದೆ ಹಾರಿದ್ದು ಆಗಲೇ. ಇಷ್ಟು ದಿನ ಕಪಾಟಿನಲ್ಲಿ ಇದ್ದದ್ದು ಬರಿಯ ಕಬ್ಬಿಣ. ಈಗ ನಿಜವಾದ ಆಯುಧ. ಮನೆಯಲ್ಲಿ ಗುಂಡು ಒಂದೂ ಇಲ್ಲವೆಂಬುದು ಬುದ್ಧಿಗೆ ಗೊತ್ತು, ಬೆನ್ನಿಗೆ ಗೊತ್ತಿಲ್ಲ.

ಪುಣ್ಯಕ್ಕೆ ಚುನಾವಣೆ ಬಂತು. ಲೈಸೆನ್ಸು ಇದ್ದವರೆಲ್ಲ ಆಯುಧ ತಂದು ಠಾಣೆಯಲ್ಲಿಡಬೇಕೆಂದು ಆದೇಶ ಹೊರಟಿತು. ಠಾಣೆಯ ಅಂಗಳ ಗುಡಿಸುವ ಮೊದಲೇ ಹೋಗಿ ನಿಂತವನು ನಾನು. ಈಗ ಮತ ಎಣಿಕೆ ಮುಗಿದು, ಸರ್ಕಾರ ರಚನೆಯಾಗಿ, ಮಂತ್ರಿಗಳು ಮುನಿಸಿಕೊಂಡದ್ದೂ ಆಗಿದೆ. “ಅಪ್ಪನ ರಿವಾಲ್ವರ್ ಯಾವಾಗ ತರ್ತೀರಿ?” ಎಂದು ಸುಶೀಲಾ ಕೇಳಿದರೆ, “ಇನ್ನೂ ಮರುಎಣಿಕಿ ನಡದೈತಿ” ಎನ್ನುತ್ತೇನೆ. ಪ್ರಜಾಪ್ರಭುತ್ವದ ಮೇಲೆ ನನಗೆ ಇಷ್ಟು ಪ್ರೀತಿ ಎಂದೂ ಇರಲಿಲ್ಲ. ಬೆಳಿಗ್ಗೆ ಪೇಪರು ಬಂದೊಡನೆ ನಾನು ಮೊದಲು ಹುಡುಕುವುದು, ಸರ್ಕಾರವೇನಾದರೂ ಬಿದ್ದಿದೆಯೇ ಎಂದು.