ನೆಲದಡಿಯ ತಂಪು ತರಲು ಹೋಗಿ

ಹೈದರಾಬಾದಿನ ಬಿಸಿಲಿಗೆ ಶಾಶ್ವತ ಪರಿಹಾರ ಕಂಡುಹಿಡಿದವನು ನಾನೇ ಎಂದು ಕೆಲವು ದಿನ ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಕೈಗೆ ಸಿಕ್ಕಿದ್ದು ಮೊಬೈಲು, ಅದರೊಳಗೆ ಸಿಕ್ಕಿದ್ದು ಒಂದು ವಿಡಿಯೊ. ಯಾವುದೋ ದೇಶದ ಪುಣ್ಯಾತ್ಮ ಅಂಗಳದಲ್ಲಿ ಆಳವಾಗಿ ಪೈಪು ಹೂತಿದ್ದ. ಮೇಲೆ ಎಷ್ಟೇ ಸುಡಲಿ, ನೆಲದಾಳ ತಂಪಂತೆ. ಪೈಪಿನೊಳಗಿನ ನೀರು ಮನೆಯ ಶಾಖವನ್ನು ಹೊತ್ತೊಯ್ದು ಮಣ್ಣಿಗೆ ಕೊಟ್ಟು, ತಣ್ಣಗಾಗಿ ಮರಳುತ್ತದಂತೆ. ನಡುವೆ ಹೀಟ್ ಪಂಪ್ ಎಂಬ ಯಂತ್ರ. ಇಷ್ಟೇ! ಇಷ್ಟಕ್ಕೆ ಇಂಜಿನಿಯರ್ ಏಕೆ?

ಅವಸರಕ್ಕೆ ಕಾರಣವಿತ್ತು. ಮಗಳು ಶ್ರುತಿಯನ್ನು ನೋಡಲು ಬೇಗಂಪೇಟೆಯಿಂದ ಹುಡುಗನ ತಂದೆತಾಯಿ ಬರುವವರಿದ್ದರು. ಹುಡುಗ, ಹುಡುಗಿ ಆಗಲೇ ಒಪ್ಪಿದ್ದರು. ಒಪ್ಪಬೇಕಾದವರು ಹುಡುಗನ ತಂದೆ ದೇಸಾಯರು. ಮೇ ತಿಂಗಳಲ್ಲಿ ನಮ್ಮ ಕೊಂಡಾಪುರದ ಮನೆಯ ಪಡಸಾಲೆಯೋ, ರೊಟ್ಟಿಯ ಹಂಚು.

"ಕೂಲರ್‌ಗೆ ಹೊಸಾ ಹುಲ್ಲು ಹಾಕಸ್ರಿ, ಸಾಕು," ಎಂದಳು ಹೆಂಡತಿ ವಿಮಲಾ.

"ಬೀಗರ ಮುಂದ ಕೂಲರ್ ಇಡೂದ? ಭೂಮಿತಾಯಿನ ತಂಪು ಕೊಡ್ತಾಳ, ನೋಡ್ತಿರು!"

ಪಟಾನ್‌ಚೆರುವಿನ ಗುಜರಿಯಿಂದ ಹಳೆಯ ಹೀಟ್ ಪಂಪ್, ಕಪ್ಪು ಪೈಪಿನ ಸುರುಳಿ ಟೆಂಪೋದಲ್ಲಿ ಬಂದಿಳಿದವು. ಹಿತ್ತಲು ಅಗೆಯತೊಡಗಿದೆ. ವಿಡಿಯೊದವನ ಕಂದಕದಲ್ಲಿ ಆಳೇ ಮುಳುಗುತ್ತಿದ್ದ. ನನ್ನದರಲ್ಲಿ ಮೊಣಕಾಲು ಮುಳುಗುವಷ್ಟರಲ್ಲಿ ಗುದ್ದಲಿ ಠಣ್ ಎಂದಿತು. ಬಂಡೆ! ಹೈದರಾಬಾದು ಬಂಡೆಯ ಮೇಲೆ ಕೂತ ಊರೆಂದು ವಿಡಿಯೊದವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು; ಮರೆತಿದ್ದೆ.

ಪಕ್ಕದ ಮನೆಯ ರೆಡ್ಡಿಗಾರು ಗೋಡೆಯಾಚೆಯಿಂದ, ಬೋರು ಕೊರೆಸುತ್ತಿದ್ದೀರಾ ಎಂದು ತೆಲುಗಿನಲ್ಲಿ ಕೇಳಿದರು. "ಇಲ್ಲ, ಏಸಿ ನಾಟುತ್ತಿದ್ದೇನೆ," ಎಂದೆ. ಅಂದಿನಿಂದ ಅವರು ಗೋಡೆಯ ಹತ್ತಿರ ಸುಳಿಯಲಿಲ್ಲ.

ಮೊಣಕಾಲಾಳವೇ ಸಾಕೆಂದು ಪೈಪು ಹಾಸಿದೆ. ವಿಮಲಾಳ ಮಲ್ಲಿಗೆ ಬಳ್ಳಿ, ಕರಿಬೇವಿನ ಗಿಡ ವಿಜ್ಞಾನಕ್ಕಾಗಿ ಪ್ರಾಣ ಕೊಟ್ಟವು. ಪೈಪಿನ ತುದಿಗಳನ್ನು ಕಾಯಿಸಿ, ಕರಗಿಸಿ ಬೆಸೆಯಬೇಕಂತೆ. ನಾನು ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ತಂತಿ ಬಿಗಿದೆ. ಮಣ್ಣು ಮುಚ್ಚುವ ಮೊದಲು ಒತ್ತಡದಲ್ಲಿ ನೀರು ಬಿಟ್ಟು ಪರೀಕ್ಷಿಸಬೇಕಂತೆ. ಇದು ನೆನಪಾದದ್ದು ಮುಚ್ಚಿದ ಮೇಲೆ! ತೆರೆದಿಟ್ಟ ತುದಿಗಳಿಂದ ಸಾಕಷ್ಟು ಮಣ್ಣೂ ಒಳಗೆ ಸೇರಿತ್ತು.

ಬೀಗರು ಬಂದರು. ಯಂತ್ರವನ್ನೂ, ಕಿಟಕಿಯಿಂದ ಒಳಬಂದು ಅದಕ್ಕೆ ಟ್ಯೂಬಿನ ಪಟ್ಟಿಯಲ್ಲೇ ಜೋಡಿಸಿದ್ದ ಪೈಪುಗಳನ್ನೂ ಪರದೆ ಮುಚ್ಚಿತ್ತು. ಯಂತ್ರ ಚಾಲೂ ಮಾಡಿದೆ. ತಣ್ಣನೆಯ ಗಾಳಿ!

"ಏಸಿ ಕಾಣವಲ್ದಲ್ರಿ, ತಂಪು ಎಲ್ಲಿಂದ ಬರಾಕತ್ತೈತಿ?" ಎಂದರು ದೇಸಾಯರು.

"ಪಾತಾಳದಿಂದ!" ಎಂದು ಉಪನ್ಯಾಸ ಆರಂಭಿಸಿದೆ.

ಉಪನ್ಯಾಸ ಮುಗಿಯುವುದರೊಳಗೆ ತಂಪು ಮುಗಿಯಿತು. ಮೇಲುಮಣ್ಣು ಮೊದಲೇ ಬಿಸಿಲಿಗೆ ಕಾದಿತ್ತು. ಮನೆಯ ಶಾಖವೂ ಸೇರಿ ಪೈಪಿನ ನೀರು ಸ್ನಾನಕ್ಕೆ ಹದವಾಯಿತು. ಗಾಳಿ ಬೆಚ್ಚಗಾಯಿತು. ದೇಸಾಯರು ಕುತ್ತಿಗೆ ಒರೆಸಿಕೊಂಡರು. ವಿಮಲಾ ನನ್ನನ್ನೇ ದುರುಗುಟ್ಟಿ ನೋಡುತ್ತಾ ಬೀಸಣಿಗೆ ತಂದಳು.

ಮಾನ ಉಳಿಸಿಕೊಳ್ಳಲು, ಪೈಪಿನಲ್ಲಿ ನೀರು ಓಡಿಸುವ ಪಂಪಿನ ವೇಗ ಪೂರ್ತಿ ಏರಿಸಿದೆ. ಪರದೆಯ ಹಿಂದೆ ಸೈಕಲ್ ಟ್ಯೂಬು ಉಬ್ಬಿತು. ಟಪ್! ಬೆಚ್ಚಗಿನ ಕೆಸರುನೀರಿನ ಧಾರೆ ನೇರವಾಗಿ ದೇಸಾಯರ ಬಿಳಿ ಜುಬ್ಬಾದ ಮೇಲೆ!

"ಬಂದ್ ಮಾಡ್ರಿ! ಏ, ಬಂದ್ ಮಾಡ್ರೀ!" ಎಂದು ದೇಸಾಯರು ಕೂಗಿದರು.

ಬಂದ್ ಮಾಡಿದೆ. ಗಡಿಬಿಡಿಯಲ್ಲಿ ಒತ್ತಿದ್ದು ಫ್ಯಾನಿನ ಸ್ವಿಚ್ಚು; ನಿಂತದ್ದು ಗಾಳಿ. ನೀರು ಮುಂದುವರಿಯಿತು. ಕೊನೆಗೆ ವಿಮಲಾ ಓಡಿ ಮೇನ್ ಸ್ವಿಚ್ಚನ್ನೇ ಇಳಿಸಿದಳು.

ದೇಸಾಯರ ಮೀಸೆಯಿಂದ ಕೆಸರು ತೊಟ್ಟಿಕ್ಕುತ್ತಿತ್ತು. ಶ್ರುತಿಯ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಅಷ್ಟರಲ್ಲಿ ದೇಸಾಯರ ಹೆಂಡತಿ ಕಿಸಕ್ಕನೆ ನಕ್ಕರು.

"ಮದುವಿಗಿಂತ ಮೊದ್ಲ ಅರಿಷಿಣ ಹಚ್ಚಿಬಿಟ್ರಲ್ರಿ, ಬೀಗರ!"

ದೇಸಾಯರು ಸ್ನಾನ ಮಾಡಿ, ನನ್ನ ಲುಂಗಿ ಉಟ್ಟು, ಹೋಳಿಗೆ ತಿಂದು, ತೀರ್ಪು ಕೊಟ್ಟರು. "ಹುಡುಗಿ ಒಪ್ಪಿಗಿ ಐತ್ರಿ. ಮದುವಿ ಕೆಲಸ ಎಲ್ಲಾ ನಾವ ನೋಡ್ಕೋತೀವಿ. ನೀವು ಬರ್ರಿ, ಉಣ್ರಿ. ಏನೂ ಮುಟ್ಟಬ್ಯಾಡ್ರಿ."

ಮದುವೆಯ ದಿನ ಬಾಗಿಲಲ್ಲಿ ನಿಂತು ಪನ್ನೀರನ್ನಾದರೂ ಚಿಮುಕಿಸೋಣವೆಂದು ಕೈಚಾಚಿದೆ. ವಿಮಲಾ ಪನ್ನೀರುದಾನಿ ಕಿತ್ತುಕೊಂಡಳು.

"ನೀರಿನ ಕೆಲಸ ನಿಮಗ ಬ್ಯಾಡ್ರಿ. ಅಲ್ಲೆ ಕುರ್ಚಿ ಮ್ಯಾಲೆ ಕೂಡ್ರಿ."

ಕೂತೆ. ಆ ಕುರ್ಚಿಯ ಆಸುಪಾಸಿನಲ್ಲಿ ಒಂದು ಸ್ವಿಚ್ಚೂ ಇರದಂತೆ ಬೀಗರು ನೋಡಿಕೊಂಡಿದ್ದರು!